ಬೆಲ್ಲದ ಹದ

"ಇನ್ನಾ ಹುಲ್ಲಿನ ಬಣ್ಣ ಐತ್ರಿ," ಎಂದಳು ಭರಮುನ ಹೆಂಡತಿ ದುಂಡವ್ವ, ಕುಲುಮೆಯ ಗಾಳಿಪಂಖದ ಹಿಡಿಕೆ ತಿರುಗಿಸುವುದನ್ನು ನಿಲ್ಲಿಸದೆ.

ಭರಮು ಇಕ್ಕಳದಲ್ಲಿ ಕಚ್ಚಿಹಿಡಿದ ಕೊಯ್ತಾದ, ಆ ಕಬ್ಬು ಕಡಿಯುವ ಕತ್ತಿಯ, ಬೆನ್ನ ಮೇಲೆ ಒಂದು ಚಿಟಿಕೆ ಬೆಲ್ಲ ಉದುರಿಸಿ, ಅದನ್ನು ಮಂದ ಉರಿಗೆ ಹಿಡಿದು, ಮೂಗನ್ನು ಗೇಣು ದೂರಕ್ಕೆ ತಂದು, ಕಣ್ಣು ಮುಚ್ಚಿ ನಿಂತಿದ್ದ. ಬೆಲ್ಲ ಮೊದಲು ಬೆವರಿತು, ಆಮೇಲೆ ಗುಳ್ಳೆಯೆದ್ದು ಕುದಿಯಿತು, ಆಮೇಲೆ ಚುರ್ರೆಂದು ಹೊಗೆಯಾಡಿತು. ಹೊಗೆ ಮೂಗಿಗೆ ಚುಚ್ಚಿದ್ದೇ ತಡ, ಕೊಯ್ತಾ ನೀರಿನ ದೋಣಿಯೊಳಗಿತ್ತು.

"ಅಲ್ರೀ, ಉಳ್ಳಾಗಡ್ಡಿ ಸಿಪ್ಪಿ ಬಣ್ಣಾನೂ ಬಂದಿದ್ದಿಲ್ಲ. ನಾ ಕಣ್ಣಾರೆ ನೋಡೇನಿ."

"ನೀ ಪಂಖಾ ನೋಡ. ಈ ಮನ್ಯಾಗ ಕಂಬಾರ ಯಾಂವ? ನಾನೋ, ನೀನೋ?"

ಹದಿಮೂರನೆಯ ಕೊಯ್ತಾ ಗೋಡೆಯ ಬದಿಯ ರಾಶಿಗೆ ಹೋಗಿ ಬಿತ್ತು. ಊರ ಸಾವಕಾರ ಬಾಬಾಸಾಹೇಬರ ಕಬ್ಬು ಕಡಿಯುವವರ ಟೋಳಿಗೆ ನಲವತ್ತು ಬೇಕಾಗಿತ್ತು, ಅದೂ ವಾರದೊಳಗೆ.

ದಿಗ್ಗೇವಾಡಿಯ ಭರಮು ಎಂದರೆ ಆ ಕಾಲಕ್ಕೆ ಕೃಷ್ಣೆಯ ಮೀನಿಗೂ ಗೊತ್ತಿದ್ದ ಹೆಸರು. ಅವನ ಕೈಯ ಕೊಯ್ತಾ ಹಿಡಿದು ಹೊಲಕ್ಕಿಳಿದರೆ ಸಾಕು, ಮುಂದಿನ ಸಾಲಿನ ಕಬ್ಬು ಹೆದರಿ ತಾನಾಗಿಯೇ ಮಲಗುತ್ತಿತ್ತು. ರಾಯಬಾಗದ ಕುರುಬನೊಬ್ಬ ಅವನ ಕತ್ತರಿಯಿಂದ ಕುರಿಯ ಉಣ್ಣೆ ತೆಗೆದಾಗ ಕುರಿಗೆ ಮೂರು ದಿನ ಸುದ್ದಿಯೇ ಮುಟ್ಟಲಿಲ್ಲ. ನಾಲ್ಕನೆಯ ದಿನ ಚಳಿ ಹತ್ತಿದ ಮೇಲೆ ತಿರುಗಿ ನೋಡಿಕೊಂಡು ಒದರಿತು. ಅಥಣಿಯ ದ್ರಾಕ್ಷಿ ತೋಟದವರು ಬಳ್ಳಿ ಸವರುವ ಅವನ ಚಾಟಣಿ ಕತ್ತರಿಯನ್ನು ಮಗಳ ಮದುವೆಯಲ್ಲಿ ಅಳಿಯನಿಗೆ ಬಂಗಾರದ ಬದಲು ಕೊಟ್ಟರು, ಅಳಿಯ ತಕರಾರು ಮಾಡಲಿಲ್ಲ. ಇಂಥ ಮಾತುಗಳಲ್ಲಿ ಅರ್ಧ ಊರವರು ಹುಟ್ಟಿಸಿದ್ದು. ಉಳಿದರ್ಧ ಭರಮುವೇ ಕುಲುಮೆಯ ಮುಂದೆ ಕೂತು ಹುಟ್ಟಿಸಿದ್ದು. "ಕಬ್ಬಿಣದ ಸಂಗಾಟ ನಾ ಮಾತಾಡ್ತೇನಿ," ಅನ್ನುತ್ತಿದ್ದ. "ನಮ್ಮ ಕಡೀದಕ್ಕ ಕನ್ನಡ ತಿಳೀತೈತಿ. ಕೊಲ್ಹಾಪುರದಿಂದ ಬಂದ ಉಕ್ಕಿಗಷ್ಟ ಮರಾಠಿ ಬೇಕಾಗತೈತಿ." ಅವನ ಕಣ್ಣಿನ ವಿಷಯವಂತೂ ಕೇಳುವುದೇ ಬೇಡ. ಅಮಾವಾಸ್ಯೆಯ ಕತ್ತಲಲ್ಲಿ ಕರಿ ಇರುವೆ ಕಣ್ಣು ಹೊಡೆದರೆ ಎಷ್ಟು ಸಲ ಹೊಡೆಯಿತೆಂದು ಎಣಿಸಿ ಹೇಳುವ ಕಣ್ಣು.

ಕಂಬಾರನ ಬಂಡವಾಳವೆಲ್ಲ ಆ ಕಣ್ಣೇ. ಲಾರಿಯ ಹಳೆಯ ಸ್ಪ್ರಿಂಗಿನ ಪಾಟಾ ಬಡಿದು ಕೊಯ್ತಾ ಮಾಡುವುದು ತೋಳಿನ ಕೆಲಸ. ತೋಳಿದ್ದ ಯಾರಾದರೂ ಮಾಡಿಯಾರು. ಕೆಂಡದಂತೆ ಕಾಸಿ ನೀರಿಗೆ ಅದ್ದಿದ ಉಕ್ಕು ಸೊಕ್ಕಿನಿಂದ ಗಾಜಿನ ಹಾಗೆ ಆಗಿರುತ್ತದೆ, ಬಿರುಸಾಗಿ, ಒಂದೇ ಪೆಟ್ಟಿಗೆ ಸಿಡಿಯುವಂತೆ. ಅದನ್ನು ಮತ್ತೆ ಮಂದ ಉರಿಯಲ್ಲಿ ಹಿಡಿದು ಸೊಕ್ಕು ಇಳಿಸಬೇಕು. ಆಗ ಉಕ್ಕಿನ ಮೈಮೇಲೆ ಬಣ್ಣಗಳು ಓಡುತ್ತವೆ: ಮೊದಲು ಒಣಹುಲ್ಲು, ಆಮೇಲೆ ಉಳ್ಳಾಗಡ್ಡಿಯ ಸಿಪ್ಪೆ, ಆಮೇಲೆ ಬದನೆಕಾಯಿ, ಕೊನೆಗೆ ನವಿಲಿನ ಕೊರಳು. ಬದನೆಕಾಯಿ ಬಂದ ಕ್ಷಣಕ್ಕೆ ನೀರಿಗೆ ಹಾಕಿದರೆ ಕೊಯ್ತಾ. ಮೊದಲೇ ಹಾಕಿದರೆ ಗಾಜು, ತಡಮಾಡಿದರೆ ತಗಡು.

ಮೂವತ್ತೈದು ವರ್ಷ ಬೆಂಕಿಯನ್ನೇ ದಿಟ್ಟಿಸಿದ ಕಣ್ಣುಗಳಲ್ಲಿ ಐದು ವರ್ಷದ ಹಿಂದೆ ಹಾಲು ಚೆಲ್ಲತೊಡಗಿತು. ಮೊದಲು ಹುಲ್ಲು ಮತ್ತು ಉಳ್ಳಾಗಡ್ಡಿ ಒಂದಾದವು. ಆಮೇಲೆ ಬದನೆಕಾಯಿಯೂ ನವಿಲೂ ಕೂಡಿಕೊಂಡು ಬೂದಿಯಾದವು. ಚಿಕ್ಕೋಡಿಯಲ್ಲಿ ಕಣ್ಣಿನ ಶಿಬಿರ ನಡೆದಾಗ ದುಂಡವ್ವ ಕೈಮುಗಿದು ಕರೆದಳು. "ಅಲ್ಲಿ ಪಾಳೇದಾಗ ಕುಂತ್ರ ನಾಕೂ ತಾಲೂಕಿನ ಮಂದಿ ನನ್ನ ನೋಡತೈತಿ," ಎಂದು ಭರಮು ಹೋಗಲಿಲ್ಲ. ಅದರ ಬದಲು ಅವಳನ್ನೇ ಕಣ್ಣು ಮಾಡಿಕೊಂಡ. ಅವಳು ಪಂಖ ತಿರುಗಿಸುತ್ತ ಮೆಲ್ಲಗೆ ಬಣ್ಣ ಹೇಳುವುದು, ಇವನು ನೀರಿಗೆ ಅದ್ದುವುದು. ಕೆಲಸವೇನೋ ಸರಿಯಾಗಿಯೇ ನಡೆದಿತ್ತು. ಆದರೆ ಒಂದು ದಿನ ಟೋಳಿಯ ಅಣ್ಣಾಸಾಬ ಕುಲುಮೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ. "ಏನ ಭರಮಣ್ಣಾ, ಹದಾ ನಿಂದೋ, ವೈನೀದೋ?" ಎಂದು ನಕ್ಕ. ಭರಮು ಅವನಿಗಿಂತ ಜೋರಾಗಿ ನಕ್ಕ. ಮರುದಿನದಿಂದ ದುಂಡವ್ವ ಬಣ್ಣ ಹೇಳುವುದು ಬಂದಾಯಿತು.

ಹದಿನೈದು ದಿನ ಕುಲುಮೆ ಹೊತ್ತಲಿಲ್ಲ. ಮೈಗೆ ಆರಾಮಿಲ್ಲವೆಂದು ಸುದ್ದಿ ಹಬ್ಬಿಸಿ, ಒಳಗೆ ಕೂತು ತಲೆ ಕೆಡಿಸಿಕೊಂಡ. ಕೊನೆಗೊಂದು ಮಧ್ಯಾಹ್ನ ಸುಮ್ಮನೆ ಒಂದು ಕಬ್ಬಿಣದ ತುಂಡು ಕಾಸುತ್ತಿದ್ದಾಗ, ಚಹಾದ ಜೊತೆ ಕಚ್ಚುತ್ತಿದ್ದ ಬೆಲ್ಲದ ಚೂರು ಕೈಜಾರಿ ಅದರ ಮೇಲೆ ಬಿತ್ತು. ಘಮ್ಮೆಂದಿತು. ಹೋಳಿಗೆಯ ಹೂರಣ ಬೇಯುವ ವಾಸನೆ. ಇನ್ನೂ ಕಾಯಿತು: ಹೂರಣ ತಳ ಹತ್ತಿದ ವಾಸನೆ, ಅತ್ತೆ ಅಡುಗೆಮನೆಗೆ ಓಡಿ ಬಂದು ಸೊಸೆಯ ತವರನ್ನೆಲ್ಲ ಜಾಲಾಡಿಸುವಂಥದ್ದು. ಭರಮು ಎದ್ದು ನಿಂತ. "ದುಂಡೀ, ಬಣ್ಣ ಏನೈತಿ ಈಗ?" "ಬದನಿಕಾಯಿ." ನೂರು ಸಲ ಮಾಡಿ ನೋಡಿದ. ನೂರು ಸಲವೂ ಹೂರಣ ತಳ ಹತ್ತಿದ ಕ್ಷಣಕ್ಕೆ ಬದನೆಕಾಯಿ. ಲೋಕದಲ್ಲಿ ದೊಡ್ಡ ದೊಡ್ಡ ಕಾರ್ಖಾನೆಗಳು ಗಾಜಿನ ಕೊಳವೆ, ಕರೆಂಟಿನ ತಂತಿ, ಸೂಟು ಹಾಕಿದ ಇಂಜಿನಿಯರು ಇಟ್ಟುಕೊಂಡು ಕಂಡುಹಿಡಿಯುವುದನ್ನು ಈ ಕಂಬಾರ ಒಂದು ಚಿಟಿಕೆ ಬೆಲ್ಲದಲ್ಲಿ ಕಂಡುಹಿಡಿದಿದ್ದ. ಅದನ್ನು ಯಾರಿಗೂ ಹೇಳುವಂತಿರಲಿಲ್ಲ ಎನ್ನುವುದೊಂದೇ ಅವನ ಹೊಟ್ಟೆಯ ಉರಿ. ಕೇಳಿದವರಿಗೆ, "ಬೆಂಕಿ ದೇವರಿಗೆ ನೈವೇದ್ಯ ತೋರಸ್ತೇನಿ," ಅನ್ನುತ್ತಿದ್ದ. ಮೂರು ವರ್ಷ ಅವನ ಕೊಯ್ತಾ ಒಂದೂ ಮುರಿಯಲಿಲ್ಲ, ಒಂದೂ ಬಾಗಲಿಲ್ಲ.

ಆ ಭಾಗದಲ್ಲಿ ಗಾಣ ಹೂಡಿದ ಮೊದಲ ದಿನದ ಬೆಲ್ಲದಲ್ಲಿ ಒಂದು ಪೆಂಟಿ, ಅಂದರೆ ಒಂದು ದೊಡ್ಡ ಉಂಡೆ, ಕಂಬಾರನ ಪಾಲಿನ ಆಯ. ಗಾಣದ ಮೊಳೆ, ಪಟ್ಟಿ, ಕೊಯ್ತಾ ಎಲ್ಲಕ್ಕೂ ಅವನ ಕೈ ಬಿದ್ದಿರುತ್ತದೆ. ಅವನ ಬಾಯಿ ಸಿಹಿಯಾಗದೆ ಬೆಲ್ಲ ಪೇಟೆಗೆ ಹೋಗುವಂತಿಲ್ಲ. ಎಂಬತ್ತೊಂಬತ್ತರ ದೀಪಾವಳಿ ಕಳೆದು ಬಾಬಾಸಾಹೇಬರ ಗಾಣ ಹೂಡಿದಾಗಲೂ ಪೆಂಟಿ ಮನೆಗೆ ಬಂತು. ಪ್ರತಿ ವರ್ಷ ಅವರ ಬೆಲ್ಲ ಎಮ್ಮೆಯ ಕರುವಿನ ಬಣ್ಣದ್ದು. ಈ ಸಲ ಹೊಳೆಯಾಚೆಯಿಂದ ಹೊಸ ಗುಳವ್ಯಾ ಬಂದಿದ್ದ, ಬೆಲ್ಲ ಕಾಯಿಸುವ ಕಲೆಯಲ್ಲಿ ಸಾಲಿ ಕಲಿತವನಂತೆ. ಬೆಲ್ಲ ಕುದಿಯುವ ದೊಡ್ಡ ಕಾಯಿಲಿಗೆ ಡಬ್ಬಿಯಿಂದ ಬಿಳಿ ಪುಡಿ ತೆಗೆದು ಎರಡು ಚಮಚ ಹಾಕುತ್ತಿದ್ದ; ಕಬ್ಬಿನ ಕರಿ ಹಾಲು ಕಣ್ಣೆದುರೇ ಅರಿಶಿನ ಹಚ್ಚಿದ ಮದುಮಗಳಾಗುತ್ತಿತ್ತು. ಪೇಟೆಯಲ್ಲಿ ಈಗ ಎಲ್ಲರಿಗೂ ಅಂಥದೇ ಬೇಕು. ದುಂಡವ್ವ ಅದರ ಚಹಾ ಮಾಡಿ, ಕುಡಿದು, ಮುಖ ಸಿಂಡರಿಸಿ, "ಕಡ್ಡಿಪೆಟಗಿ ಗೀರಿದಂಗ ನಾರತೈತಲ್ಲ," ಅಂದಳು. ಭರಮುಗೆ ಅದರ ಬಣ್ಣ ಕಾಣಲಿಲ್ಲ. ಹಳೆಯ ಬೆಲ್ಲ ಮುಗಿಯುತ್ತ ಬಂದಿತ್ತು. ಹೊಸದನ್ನು ಒಡೆದು ಕುಲುಮೆಯ ಡಬ್ಬಿಗೆ ತುಂಬಿದ.

ನಲವತ್ತು ಕೊಯ್ತಾ ಆರು ದಿನದಲ್ಲಿ ಹೋದವು. ಹತ್ತನೆಯ ದಿನ ಒಂದು ಮುರಿಯಿತು.

ಅದು ಮಲಕಾರಿಯ ಕೈಯಲ್ಲಿತ್ತು. ಹತ್ತು ಕುರಿ, ಒಂದೆಕರೆ ಮಡ್ಡಿ ಹೊಲ. ಸುಗ್ಗಿಯಲ್ಲಿ ಕಬ್ಬು ಕಡಿಯಲು ಹೋಗುತ್ತಿದ್ದ. ಕೊರಳಲ್ಲಿ ತುಳಸಿ ಮಾಲೆ ಹಾಕಿದ ವಾರಕರಿ, ವರ್ಷಕ್ಕೊಮ್ಮೆ ಪಂಢರಪುರಕ್ಕೆ ನಡೆದು ಹೋಗುವವನು, ಹೆಂಡ ಮುಟ್ಟದವನು. ಕಬ್ಬಿನ ಬುಡಕ್ಕೆ ಹೊಡೆದ ಪೆಟ್ಟಿಗೆ ಕೊಯ್ತಾ ನಡುವೆ ಸಿಡಿದು, ಗೇಣುದ್ದದ ತುಂಡು ತೊಡೆಯ ಒಳಬದಿಗೆ ಹೊಕ್ಕಿತು. ತಲೆಯ ಮೂರು ಪಟಕಾ ಬಿಚ್ಚಿ ಬಿಗಿದರು; ಮೂರೂ ತೊಯ್ದವು. ಟ್ರಾಕ್ಟರಿನ ಟ್ರೇಲರಿನಲ್ಲಿ ಕಬ್ಬಿನ ಸೋಗೆಯ ಮೇಲೆ ಮಲಗಿಸಿ ರಾಯಬಾಗದ ದಾರಿ ಹಿಡಿದರು. ಡಾಂಬರು ರಸ್ತೆ ಸಿಗುವ ಮೊದಲೇ ಅವನು ನೀರು ಕೇಳಿದ, ಕುಡಿಯಲಿಲ್ಲ. ಇದಕ್ಕೆ ಯಾರೂ ಉಪ್ಪುಖಾರ ಹಚ್ಚಬೇಕಾಗಲಿಲ್ಲ. ಇಷ್ಟೇ ಆದದ್ದು.

ಹಚ್ಚಿದ್ದು ಆಮೇಲೆ. ಭರಮುನ ಕೊಯ್ತಾ ಮುರಿಯಿತು ಎಂಬ ಮಾತನ್ನು ಊರು ನುಂಗಲೇ ಇಲ್ಲ. ಸೂರ್ಯ ಪಡುವಣದಲ್ಲಿ ಹುಟ್ಟಿದ ಎಂದಿದ್ದರೆ ಒಪ್ಪುತ್ತಿತ್ತೇನೋ. ಮೊದಲ ದಿನ, ಕೊಯ್ತಾ ಕಲ್ಲಿಗೆ ಬಡಿದಿರಬೇಕು ಎಂದರು. ಎರಡನೆಯ ದಿನ ಆ ಕಲ್ಲು ಬೀಸುಕಲ್ಲಿನಷ್ಟಾಯಿತು. ಮೂರನೆಯ ದಿನ, ಅಷ್ಟು ದೊಡ್ಡ ಕಲ್ಲು ಕಾಣದಿರಬೇಕಾದರೆ ಮಲಕಾರಿ ಏನಾದರೂ ಕುಡಿದಿದ್ದನೇ ಎಂದು ಯಾರೋ ಕೇಳಿದರು. ನಾಲ್ಕನೆಯ ದಿನ ಕೇಳುವವರು ಯಾರೂ ಉಳಿಯಲಿಲ್ಲ, ಎಲ್ಲರೂ ಹೇಳುವವರೇ. ತುಳಸಿ ಮಾಲೆಯ ಮಲಕಾರಿ ಸತ್ತು ನಾಲ್ಕು ದಿನದಲ್ಲಿ ಊರಿಗೇ ದೊಡ್ಡ ಕುಡುಕನಾಗಿದ್ದ.

ಅಣ್ಣಾಸಾಬ ಮುರಿದ ಎರಡು ತುಂಡುಗಳನ್ನು ಅರಿವೆಯಲ್ಲಿ ಸುತ್ತಿ ಕುಲುಮೆಗೆ ತಂದ. "ನೀ ಏನೂ ಮನಸಿಗೆ ಹಚ್ಕೋಬ್ಯಾಡ ಭರಮಣ್ಣಾ. ಅಂವ ಮುಂಜೇಲಿಂದನ ಹಾಕ್ಕೊಂಡಿದ್ನಂತ."

"ನೀ ನೋಡಿದ್ದೇನು?"

"ನಾ ನೋಡಿಲ್ಲಪಾ. ಆದ್ರ ಎಲ್ಲಾರೂ ಅಂತಾರ."

ಅವನು ಹೋದ ಮೇಲೆ ಭರಮು ತುಂಡನ್ನು ತೊಡೆಯ ಮೇಲಿಟ್ಟುಕೊಂಡು ಅರ ಆಡಿಸಿದ. ಅರ ಕಚ್ಚಲಿಲ್ಲ, ಗಾಜಿನ ಮೇಲೆ ಜಾರಿದಂತೆ ಜಾರಿತು. ಮುರಿದ ಬಾಯಿಗೆ ಹೆಬ್ಬೆರಳು ಹಚ್ಚಿದ. ಸಕ್ಕರೆಯ ಹರಳಿನ ಹಾಗೆ ಒರಟು. ಆಮೇಲೆ, "ಹಳೇ ಬೆಲ್ಲ ಏನರ ಉಳದೈತೇನು ಗಡಿಗ್ಯಾಗ?" ಎಂದು ಕೇಳಿದ.

ದುಂಡವ್ವ ಗಡಿಗೆಯ ತಳ ಕೆರೆದು ಒಂದಿಷ್ಟು ಕರಿ ಪುಡಿ ತಂದಳು. ಒಂದೇ ಪಟ್ಟಿಯ ಮೇಲೆ, ಬೆರಳಂತರದಲ್ಲಿ, ಹಳೆಯದನ್ನೂ ಹೊಸದನ್ನೂ ಇಟ್ಟು ಮಂದ ಉರಿಗೆ ಹಿಡಿದ. ಗುಳವ್ಯಾನ ಪುಡಿ ಬಿದ್ದ ಹೊಸದು ಕಾಯಬೇಕೆನ್ನುವಷ್ಟರಲ್ಲೇ ಹೊಗೆ ಬಿಟ್ಟು ಮೂಗಿಗೆ ಚುಚ್ಚಿತು.

"ಬಣ್ಣ?"

"ಹುಲ್ಲು," ಎಂದಳು ದುಂಡವ್ವ.

ಹಳೆಯದು ಇನ್ನೂ ಬೆವರುತ್ತಿತ್ತು. ಅದು ಬೆಂದು, ಹೂರಣವಾಗಿ, ತಳ ಹತ್ತುವಷ್ಟರಲ್ಲಿ ಹೆಣ ಹೊರುವಷ್ಟು ಹೊತ್ತಾದಂತಿತ್ತು.

"ಈಗ?"

"ಬದನಿಕಾಯಿ."

ಭರಮು ಪಟ್ಟಿಯನ್ನು ಕೆಳಗಿಟ್ಟ. "ನೀ ಹೇಳಿದ್ದಿ," ಎಂದ. ಪಂಖ ಇನ್ನೂ ತಾನಾಗಿ ತಿರುಗುತ್ತಿತ್ತು. ದುಂಡವ್ವ ಅದರ ಹಿಡಿಕೆಯನ್ನು ಕೈಯಿಂದ ತಡೆದು ನಿಲ್ಲಿಸಿದಳು. "ಇನ್ನ ಮೂವತ್ತೊಂಬತ್ತು ಅದಾವು," ಅಂದಳು.

ಬಾಬಾಸಾಹೇಬರು ಗಾಣದ ಮನೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಕಬ್ಬು, ದ್ರಾಕ್ಷಿ, ಎರಡು ಟ್ರಾಕ್ಟರು, ಒಂದು ಜೀಪು. ಅವರು ಕೆಮ್ಮಿದರೆ ಚಿಕ್ಕೋಡಿಯ ಕೋರ್ಟಿನಲ್ಲಿ ವಕೀಲರು ಎದ್ದು ನಿಲ್ಲುತ್ತಾರೆ ಎನ್ನುವಂಥ ಕುಳ. ಭರಮು ಹೇಳಿದ್ದನ್ನು ನಡುವೆ ಬಾಯಿ ಹಾಕದೆ ಕೇಳಿದರು. ಕಣ್ಣಿನ ವಿಷಯ ಬಂದಾಗ ಹುಬ್ಬೇರಿಸಿದರು; ಪುಡಿಯ ವಿಷಯ ಬಂದಾಗ ಗುಳವ್ಯಾನ ಕಡೆ ನೋಡಿ, ಅವನನ್ನು ಹೊರಗೆ ಕಳಿಸಿದರು.

"ಭರಮೂ, ಸತ್ತಾಂವ ತಿರುಗಿ ಬರ್ತಾನೇನು?"

"ಅಂವ ಬರೂದಿಲ್ರಿ. ಇನ್ನೊಬ್ಬಾಂವ ಹೋಗಬಾರ್ದು ಅಂತ ಬಂದೇನ್ರಿ. ಕೊಯ್ತಾ ಎಲ್ಲಾ ತಿರುಗಿ ತರಸ್ರಿ. ಹದಿನೈದು ದಿನದಾಗ ಬ್ಯಾರೆ ಮಾಡಿ ಕೊಡ್ತೇನಿ. ದುಂಡಿ ಬಣ್ಣಾ ನೋಡ್ತಾಳ."

"ಹದಿನೈದು ದಿನ ಕಡ್ಯೂದು ನಿಂತ್ರ ಗಾಣಾ ನಿಂದರತೈತಿ. ಕಡದ ಕಬ್ಬು ಹುಳಿಯಾಗತೈತಿ." ಅವರ ದನಿ ತಗ್ಗಿತು, ಪ್ರೀತಿಯಿಂದಲೇ. "ಮತ್ತ ನಮ್ಮ ಬೆಲ್ಲದಿಂದ ಒಬ್ಬಾಂವ ಸತ್ತ ಅಂತ ಕೊಲ್ಹಾಪುರ ಪೇಟ್ಯಾಗ ಒಬ್ಬ ಅಂದ್ರ ಸಾಕು, ಮುಗೀತು. ನಿನ್ನ ಹೆಸರೂ ಹೋತು, ನಂದೂ ಹೋತು. ಯಾಕ ಬೇಕೋ? ಊರ ಮಂದಿ ತಾವ ಒಂದು ಕಾರಣ ಹುಡುಕ್ಯಾರ. ಇರಲಿ ಬಿಡ."

"ಅಂವ ಕುಡೀತಿದ್ದಿಲ್ರಿ ಸಾವಕಾರ."

"ಸತ್ತಾಂವಗ ಹೆಸರಿನ ಚಿಂತಿ ಇರಂಗಿಲ್ಲ," ಎಂದರು ಬಾಬಾಸಾಹೇಬರು. "ಇದ್ದಾಂವಗ ಇರತೈತಿ. ಮನೀಗಿ ಹೋಗು."

ಭರಮು ಮನೆಗೆ ಹೋಗಲಿಲ್ಲ. ದುಂಡವ್ವನನ್ನು ಕರೆದುಕೊಂಡು ನೇರ ಕಬ್ಬಿನ ಹೊಲಕ್ಕೆ ಹೋದ. ಮಧ್ಯಾಹ್ನದ ಬುತ್ತಿಯ ಹೊತ್ತು. ಬದುವಿನ ಮೇಲೆ ಟೋಳಿ ಕೂತು ರೊಟ್ಟಿ ಮುರಿಯುತ್ತಿತ್ತು. ಅವನು ನಿಂತು ಎಲ್ಲ ಹೇಳಿದ. ಕಣ್ಣು ಹೋದದ್ದು, ಬೆಲ್ಲ ಸುಟ್ಟದ್ದು, ಹದ ತಪ್ಪಿದ್ದು. "ನನ್ನ ಮುದ್ರೀ ಇದ್ದ ಕೊಯ್ತಾ, ಹಿಡಿಕಿ ಹತ್ರ ಮೂರು ಚುಕ್ಕಿ ಇದ್ದದ್ದು, ಎಲ್ಲಾ ಕೊಡ್ರಿ. ಕೈಯಾಗ ಹಿಡೀಬ್ಯಾಡ್ರಿ."

ಅಣ್ಣಾಸಾಬ ಹೋ ಎಂದು ನಕ್ಕ, ಅವನ ಹಿಂದೆ ಇಡೀ ಬದು ನಕ್ಕಿತು.

"ಭರಮಣ್ಣಗ ಕಣ್ಣಿಲ್ಲಂದ್ರ ನಮಗ ಮಾರೀನ ಇಲ್ಲ ಬಿಡ್ರೋ!"

"ಏ, ಬೆಲ್ಲ ಸುಟ್ಟು ಹದಾ ನೋಡ್ತಾನಂತ! ನಾಳೆ ಉಪ್ಪಿಟ್ಟು ಮಾಡಿ ನೇಗಿಲಾ ಹಣೀತಾನ."

"ಯಾರೋ ಹೆಚ್ಚಿಗಿ ಬಯಾನಾ ಕೊಟ್ಟಾರೋ. ನಮ್ಮ ಕೊಯ್ತಾ ತಿರುಗಿ ಒಯ್ದು ಅವರಿಗಿ ಕೊಡಾಂವ. ಬೆರಕಿ ಅದಾನ!"

ಅಣ್ಣಾಸಾಬ ಕಾಲಿನ ಚಪ್ಪಲಿ ತೆಗೆದು ಅವನ ಮುಖದ ಮುಂದೆ ಹಿಡಿದ. "ಇದೇನು ಹೇಳು ನೋಡೂನು?"

ಭರಮು ಹಾಲಿನಂಥ ಕಣ್ಣುಗಳನ್ನು ಕಿರಿದು ಮಾಡಿದ. ಬೆಳಕಿನಲ್ಲಿ ಏನೋ ಒಂದು ಕಪ್ಪು ಅಲುಗಿತು. "ನಿನ್ನ ಕೈ," ಅಂದ.

ನಗು ಹೊಲದ ಆ ತುದಿಗೆ ಮುಟ್ಟಿ ತಿರುಗಿ ಬಂತು. ಒಬ್ಬನಿಗೆ ರೊಟ್ಟಿ ನೆತ್ತಿಗೇರಿತು. "ಏನ ಸೋಂಗ ಮಾಡ್ತಾನೋ ಮಾರಾಯ! ನಾಟಕದ ಕಂಪನೀಗಿ ಕಳಸ್ರೋ ಇಂವನ್ನ!" ಬಾಳೆಲ್ಲ ಕೊಚ್ಚಿಕೊಂಡವನ ಬಾಯಿಂದ ಬಂದ ಒಂದೇ ಒಂದು ನಿಜ ಅದು. ಅದನ್ನು ಇಟ್ಟುಕೊಳ್ಳಲು ಯಾರ ಹತ್ತಿರವೂ ಜಾಗವಿರಲಿಲ್ಲ. ದುಂಡವ್ವ, "ಖರೇನ ಐತ್ರಪಾ, ನನ್ನಾಣಿ," ಎಂದರೆ, "ವೈನಿಗೂ ಪಾಠಾ ಮಾಡಿಸಿ ಕರಕೊಂಡು ಬಂದಾನ," ಅಂದರು.

ಆಗ ಕಬ್ಬಿನ ಸಾಲಿನಿಂದ ಒಬ್ಬಳು ಹೆಣ್ಣುಮಗಳು ಹೊರಗೆ ಬಂದಳು. ತೋಳಿನ ಮೇಲೆ ಒಂದು ಕಂಬಳಿ, ಕೈಯಲ್ಲಿ ಒಂದು ಹಿತ್ತಾಳಿ ತಂಬಿಗೆ. ಗಂಡ ಆ ದಿನ ಬಿಟ್ಟುಹೋದದ್ದನ್ನು ಒಯ್ಯಲು ಬಂದ ಸುಂದರಾ, ಮಲಕಾರಿಯ ಹೆಂಡತಿ. ಹಣೆ ಬರಿದಾಗಿತ್ತು, ಕೈ ಬರಿದಾಗಿತ್ತು. ಅವಳನ್ನು ಕಂಡು ಟೋಳಿಯವರು ನಗು ನುಂಗಿಕೊಂಡರು. ಅವಳು ಯಾರ ಕಡೆಯೂ ನೋಡದೆ ಬಂದು ಭರಮುನ ಎದುರಿಗೆ, ಮೊಳ ದೂರದಲ್ಲಿ ನಿಂತಳು.

ನಗು ಯಾಕೆ ನಿಂತಿತೆಂದು ಭರಮುಗೆ ತಿಳಿಯಲಿಲ್ಲ. ಎದುರಿಗೆ ಸೀರೆಯೊಂದು ನಿಂತಿದೆ ಎನ್ನುವಷ್ಟೇ ಅವನಿಗೆ ತಿಳಿದದ್ದು. ಒಬ್ಬಳಾದರೂ ಕೇಳಲು ಎದ್ದು ಬಂದಳೆಂದುಕೊಂಡ.

"ನೀ ಒಬ್ಬಾಕಿ ನಗಲಿಲ್ಲ ನೋಡವ್ವಾ," ಅಂದ. "ಒಂದು ಉಪಕಾರ ಮಾಡು. ಮಲಕಾರಿ ಹೇಣ್ತಿ ಅದಾಳಲ್ಲ, ಸುಂದರಾ, ಆಕೀ ಮುಂದ ಹೋಗಿ ನಿಂದ್ರಾಕ ನನಗ ಮಾರಿ ಇಲ್ಲ. ನೀನ ಹೋಗಿ ಹೇಳು. ನಿನ್ನ ಗಂಡ ಕುಡದಿದ್ದಿಲ್ಲ, ಕಲ್ಲೂ ಇದ್ದಿದ್ದಿಲ್ಲ. ಕುರುಡ ಭರಮು ಕೊಂದಾನ ಅಂತ ಹೇಳು."

ಗಾಳಿಗೆ ಕಬ್ಬಿನ ಸೋಗೆ ಸರಸರ ಅಂದಿತು. ಅಣ್ಣಾಸಾಬನ ಕೈಯಲ್ಲಿ ಚಪ್ಪಲಿ ಹಾಗೆಯೇ ಇತ್ತು.

"ನಾನ ಅದೇನಿ," ಎಂದಳು ಸುಂದರಾ.

ಅವಳು ಬಯ್ಯಲಿಲ್ಲ, ಅಳಲಿಲ್ಲ. ತಂಬಿಗೆಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬದು ಹತ್ತಿ, ಕೂತವರ ನಡುವೆಯೇ ಹಾದು ಹೋದಳು. ಅವರು ರೊಟ್ಟಿಯ ಗಂಟುಗಳನ್ನು ಎಳೆದುಕೊಂಡು ದಾರಿ ಬಿಟ್ಟರು. ಅವಳು ಮರೆಯಾದ ಮೇಲೆ ಮೊದಲ ಕೊಯ್ತಾ ಭರಮುವಿನ ಕಾಲ ಹತ್ತಿರ ಬಂದು ಬಿತ್ತು. ಅದು ಅಣ್ಣಾಸಾಬನದು. ಆಮೇಲೆ ಇನ್ನೊಂದು. ಆಮೇಲೆ ಯಾರೂ ಎಸೆಯಲಿಲ್ಲ. ಎದ್ದು ಬಂದು, ಬಗ್ಗಿ, ಹಾವು ಇಟ್ಟಂತೆ ಇಟ್ಟುಹೋದರು.

ಭರಮು ಸುತ್ತಿಗೆ ತರಿಸಿ, ಹೊಲದಲ್ಲೇ ಒಂದು ಬಂಡೆಯ ಮೇಲಿಟ್ಟು ಒಂದೊಂದನ್ನೂ ಬಡಿದ. ಕೆಲವು ಒಂದೇ ಪೆಟ್ಟಿಗೆ ಎರಡಾದವು, ಕೆಲವು ನಾಲ್ಕು ಪೆಟ್ಟು ತಿಂದವು. ಪ್ರತಿ ಸಲ ಸಿಡಿದಾಗ ಸುತ್ತ ನಿಂತವರು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಬಾಬಾಸಾಹೇಬರ ಜೀಪು ಬಂದು ಬದುವಿನಾಚೆ ನಿಂತು, ಯಾರೂ ಇಳಿಯದೆ, ತಿರುಗಿ ಹೋಯಿತು. ಅವನನ್ನು ಮುಗಿಲಿಗೆ ಏರಿಸಲು ಮೂವತ್ತು ವರ್ಷ ಬೇಕಾಗಿದ್ದ ಬಾಯಿಗಳಿಗೆ ಇಳಿಸಲು ಅದೊಂದು ಮಧ್ಯಾಹ್ನ ಸಾಕಾಯಿತು. ಸಂಜೆಯ ಹೊತ್ತಿಗೆ ಭರಮು ಹುಟ್ಟುಗುರುಡನೇ ಆಗಿದ್ದ, ಅವನ ಕತ್ತರಿಯಿಂದ ಸತ್ತ ಕುರಿಗಳಿಗೆ ಲೆಕ್ಕವಿರಲಿಲ್ಲ. ಅವನು ಅದನ್ನು ಕೇಳಿಸಿಕೊಳ್ಳಲಿಲ್ಲ. ತುಂಡುಗಳನ್ನು ಜೋಡಿಸಿ ಮುಟ್ಟಿ ಮುಟ್ಟಿ ಎಣಿಸುತ್ತಿದ್ದ.

"ಮೂವತ್ತೆಂಟು ಅದಾವಲ್ಲೋ. ಇನ್ನೊಂದು?"

ಟೋಳಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಅಣ್ಣಾಸಾಬ ಹೇಳಿದ. "ಸತ್ಯಪ್ಪಂದು. ಮಲಕಾರಿ ಹೋದ ಮರುದಿನಾನ ಈ ಹೊಲಾ ಬ್ಯಾಡಂತ ಹೊಳಿ ದಾಟಿ ಹೋದ. ಅಥಣಿ ಕಡೆ ಯಾವುದೋ ಟೋಳ್ಯಾಗ ಅದಾನ."

ಮರುದಿನ ಬೆಳಗಿನ ದೋಣಿಗೆ ಗಂಡ ಹೆಂಡತಿ ಕೃಷ್ಣೆ ದಾಟಿದರು. ಅಥಣಿಯ ಸೀಮೆಯಲ್ಲಿ ಕಬ್ಬು ಎಂದರೆ ಹೊಲವಲ್ಲ, ಸಮುದ್ರ. ಅದರೊಳಗೆ ಹೊಕ್ಕ ಎತ್ತು ಹೊರಗೆ ಬರುವಷ್ಟರಲ್ಲಿ ಮುದಿಯಾಗುತ್ತದೆ. ಆ ಸಮುದ್ರದ ದಂಡೆಯಲ್ಲಿ ಭರಮು ಹೆಂಡತಿಯ ಸೆರಗಿನ ತುದಿ ಹಿಡಿದು ನಡೆದ. ಎರಡು ದಿನ ನಡೆದರು. ಹೊಲದ ದಂಡೆಗೆ ಬಂದಾಗೆಲ್ಲ ದುಂಡವ್ವ ಕೂಗಿ ಕೇಳುವಳು: ದಿಗ್ಗೇವಾಡಿ ಸತ್ಯಪ್ಪ ಅದಾನೇನ್ರೀ? ಇಲ್ಲವೆಂದರೆ ಮುಂದಿನ ಹೊಲ. ದ್ರಾಕ್ಷಿ ಕತ್ತರಿಯ ಕತೆ ಏನೇ ಇರಲಿ, ಅಲ್ಲಿ ಭರಮುನ ಹೆಸರು ಒಬ್ಬರಿಗೂ ಗೊತ್ತಿರಲಿಲ್ಲ. ಒಂದು ಕಡೆ ಭಿಕ್ಷುಕರೆಂದು ತಿಳಿದು ಎರಡು ರೊಟ್ಟಿ ಕೊಟ್ಟರು. ದುಂಡವ್ವ ಇಸಿದುಕೊಂಡಳು, ಇಬ್ಬರೂ ತಿಂದರು.

ಮೂರನೆಯ ದಿನದ ಮುಂಜಾನೆ ಒಂದು ಹೊಲದಲ್ಲಿ ಅರವತ್ತು ಮಂದಿ ಕಡಿಯುತ್ತಿದ್ದರು. ಆ ಟೋಳಿಯ ಮೇಲ್ವಿಚಾರಕ ಮುಕಾದಮ ಬಂದು, "ಕೋಣ ರೇ ತುಮ್ಹೀ? ಯಾರ ನೀವು, ಯಾರು ಬೇಕಾಗಿತ್ತು?" ಎಂದ.

"ಸತ್ಯಪ್ಪ. ದಿಗ್ಗೇವಾಡ್ಯಾಂವ."

"ಹಾಂ, ಅದಾನ. ಏ ಸತ್ಯಾ! ನಿನ್ನ ಊರ ಮಂದಿ ಬಂದಾರ ನೋಡ!"

ಸಾಲು ಸರಿಸಿಕೊಂಡು ಸತ್ಯಪ್ಪ ಬಂದ, ಬೆವರು ಒರೆಸಿಕೊಳ್ಳುತ್ತ. ಅವನ ಹೆಜ್ಜೆ ಕೇಳಿದ್ದೇ ಭರಮು ಸೆರಗು ಬಿಟ್ಟು ಎರಡೂ ಕೈ ಮುಂದೆ ಚಾಚಿದ. "ಕೊಯ್ತಾ ಕೊಡು."

"ಯಾಕ ಭರಮಣ್ಣಾ? ಛಲೋ ಐತಲ್ಲ."

"ಕೊಡು ಮೊದಲ. ಆಮ್ಯಾಲ ಹೇಳ್ತೇನಿ."

ಸತ್ಯಪ್ಪ ಕೊಟ್ಟ. ಭರಮು ಹಿಡಿಕೆಯ ಹತ್ತಿರ ಬೆರಳಾಡಿಸಿದ. ಮೂರು ಚುಕ್ಕಿಗಳಿದ್ದವು. ಬದುವಿನ ಮೇಲೆ ಕೂತ. ಹೆಬ್ಬೆರಳು ಅಲಗಿನ ಗುಂಟ ಮೆಲ್ಲಗೆ ಸರಿಯಿತು, ನಡುವೆ ಬಂದು ನಿಂತಿತು. ಅಲ್ಲಿ ಉಗುರಿನಷ್ಟು ಉಕ್ಕು ಇರಲಿಲ್ಲ.

"ಇದು ಯಾವಾಗ ಹಾರಿತು?"

"ಯಾಂವಗ ಗೊತ್ತಪಾ. ನಿನ್ನೆ ಇರಬೇಕು. ಇಲ್ಲಾ ಮೊನ್ನೆ."

"ಎಲ್ಲಿ ಹೋತು?"

"ಎಲ್ಲಿ ಹೋಗತೈತಿ? ಕಬ್ಬಿನ್ಯಾಗ ಎಲ್ಲೋ ಬಿತ್ತು."

"ಯಾರಿಗರ ಹತ್ತೈತೇನು? ಅಕ್ಕಪಕ್ಕ ಯಾರಿದ್ರು? ಕೇಳು."

ಸತ್ಯಪ್ಪ ನಕ್ಕು ಸಾಲಿನ ಕಡೆ ತಿರುಗಿ ನೋಡಿದ. ಅಲ್ಲಿ ಅರವತ್ತು ಬೆನ್ನುಗಳು ಬಗ್ಗಿದ್ದವು, ಕೆಲವರ ಬೆನ್ನಿಗೆ ಕೂಸು ಕಟ್ಟಿತ್ತು. "ಬಿಡ ಮಾರಾಯ," ಅಂದ. "ಹತ್ತಿದ್ರ ಒದರತಿದ್ದಿಲ್ಲೇನು?"

ಮುಕಾದಮ ಕೂಗಿದ. ಸತ್ಯಪ್ಪ ಬೇರೊಬ್ಬನ ಕೊಯ್ತಾ ಇಸಿದುಕೊಂಡು ಸಾಲಿಗೆ ಹೋದ. ಕಡಿಯುವ ಸಪ್ಪಳ ಮತ್ತೆ ಶುರುವಾಯಿತು, ಹತ್ತಿರ ಒಂದಿಷ್ಟು, ದೂರ ಬಹಳಷ್ಟು. ದುಂಡವ್ವ ಏಳಿರೆಂದು ಎರಡು ಸಲ ಕರೆದಳು. ಭರಮು ಬದುವಿನ ಮೇಲೆ ಕೂತೇ ಇದ್ದ, ಆ ಉಗುರಿನಷ್ಟು ಖಾಲಿಯೊಳಗೆ ಹೆಬ್ಬೆರಳಿಟ್ಟುಕೊಂಡು.